ವಾರಕ್ಕೆ 10 ಪೌಂಡ್ ಕೈಖರ್ಚು: ಗಿಲ್ಬರ್ಟ್ ಓಸಲಿವನ್ ತಮ್ಮ ಹಾಡುಗಳನ್ನು ವಾಪಸ್ ಪಡೆದ ಪ್ರಕರಣ

1972ರಲ್ಲಿ ಅಮೆರಿಕದ ರೇಡಿಯೊ ಹಾಕಿದರೆ ಸಾಕು, 'ಅಲೋನ್ ಅಗೇನ್, ನ್ಯಾಚುರಲಿ' ಕಿವಿಗೆ ಬೀಳುತ್ತಿತ್ತು. ಮದುವೆಯ ದಿನ ಹುಡುಗಿ ಬಾರದೆ ಚರ್ಚಿನಲ್ಲಿ ಒಬ್ಬನೇ ನಿಂತವನ ಹಾಡು ಅದು. ಗೋಪುರ ಹತ್ತಿ ಹಾರಿಬಿಡಲೇ ಅಂತ ಯೋಚಿಸುತ್ತಾನೆ. ದೇವರಿದ್ದಾನಾ ಅಂತ ಕೇಳಿಕೊಳ್ಳುತ್ತಾನೆ. ಕೊನೆಗೆ ಅಪ್ಪನ ಸಾವು, ಅಮ್ಮನ ಸಾವು ನೆನೆಯುತ್ತಾನೆ. ಇಷ್ಟು ಭಾರದ ಮಾತಿಗೆ ಅಷ್ಟು ಹಗುರವಾದ ರಾಗ ಕೂಡಿಸಿದ್ದು ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ ಹುಟ್ಟಿದ 25 ವರ್ಷದ ಗಿಲ್ಬರ್ಟ್ ಓಸಲಿವನ್. ಹಾಡು ಅಮೆರಿಕದ ಪಟ್ಟಿಯಲ್ಲಿ ಒಟ್ಟು ಆರು ವಾರ ಮೊದಲ ಸ್ಥಾನದಲ್ಲಿತ್ತು. ಗ್ರ್ಯಾಮಿ ಪ್ರಶಸ್ತಿಗೆ ಮೂರು ವಿಭಾಗಗಳಲ್ಲಿ ನಾಮನಿರ್ದೇಶನ ಸಿಕ್ಕಿತು.

ಖ್ಯಾತಿಯ ಆ ವರ್ಷಗಳಲ್ಲಿ ಓಸಲಿವನ್ ಇದ್ದದ್ದು ಮ್ಯಾನೇಜರ್ ಕೊಟ್ಟಿದ್ದ ಬಂಗಲೆಯಲ್ಲಿ. ಕೈಖರ್ಚಿಗೆ ಮ್ಯಾನೇಜರ್ ಕೊಡುತ್ತಿದ್ದದ್ದು ವಾರಕ್ಕೆ 10 ಪೌಂಡ್. ಮುಂದೆ ಇದೇ ಮ್ಯಾನೇಜರ್ ವಿರುದ್ಧ ಅವರು ಲಂಡನ್ನಿನ ಹೈಕೋರ್ಟಿಗೆ ಹೋದಾಗ ಲೆಕ್ಕ ಹೊರಗೆ ಬಂತು. 1970ರಿಂದ 1978ರವರೆಗೆ ಅವರ ಹಾಡುಗಳಿಂದ ಬಂದ ಒಟ್ಟು ಹಣ ಸುಮಾರು 1 ಕೋಟಿ 45 ಲಕ್ಷ ಪೌಂಡ್. ಅದರಲ್ಲಿ ಓಸಲಿವನ್ ಕೈಗೆ ಬಂದದ್ದು, ತೆರಿಗೆ ಕಟ್ಟುವುದಕ್ಕೂ ಮುಂಚೆ, ಸುಮಾರು 5 ಲಕ್ಷ ಪೌಂಡ್. ನೂರು ಪೌಂಡ್ ಬಂದರೆ ಹಾಡು ಬರೆದು ಹಾಡಿದವರಿಗೆ ಮೂರೂವರೆ ಪೌಂಡ್.

ಒಟ್ಟು ಆದಾಯ ಅಂದರೆ ಲಾಭ ಅಲ್ಲ, ನಿಜ. ಸ್ಟುಡಿಯೊ, ವಾದ್ಯವೃಂದ, ಪ್ರಚಾರ, ರೆಕಾರ್ಡ್ ಅಚ್ಚು ಹಾಕುವುದು, ಅಂಗಡಿಗಳಿಗೆ ಕಳಿಸುವುದು, ಎಲ್ಲದಕ್ಕೂ ದುಡ್ಡು ಬೇಕು. ಅದನ್ನೆಲ್ಲ ಕಳೆದರೂ ಈ ಲೆಕ್ಕ ಸರಿಹೋಗಲಿಲ್ಲ. ಕೋರ್ಟೂ ಹಾಗೆಯೇ ಹೇಳಿತು.

ಪಾಪ್ ಸಂಗೀತದಲ್ಲಿ ಮೋಸ ಹೋದವರ ಕತೆಗಳಿಗೆ ಬರವಿಲ್ಲ. ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅನ್ನಿಸುವುದಕ್ಕೆ ಬೇರೆ ಕಾರಣವಿದೆ. ಇಲ್ಲಿ ಗಾಯಕ ಕೇಳಿದ್ದು ಹಣವನ್ನಷ್ಟೇ ಅಲ್ಲ, ಹಾಡುಗಳನ್ನೇ ವಾಪಸ್ ಕೇಳಿದರು. ಅವು ವಾಪಸ್ ಬಂದವು. ಅದೇ ಹಾಡುಗಳ ಒಡೆತನದಿಂದ ಹತ್ತು ವರ್ಷದ ಮೇಲೆ ಅಮೆರಿಕದ ಹಿಪ್-ಹಾಪ್ ಸಂಗೀತದ ದಾರಿಯೇ ಬದಲಾಯಿತು.

ವಾಟರ್‌ಫರ್ಡ್‌ನಿಂದ ಸ್ವಿಂಡನ್‌ಗೆ

ಹುಟ್ಟು ಹೆಸರು ರೇಮಂಡ್ ಎಡ್ವರ್ಡ್ ಓಸಲಿವನ್. ಹುಟ್ಟಿದ್ದು 1946ರ ಡಿಸೆಂಬರ್ 1. ಅಪ್ಪ ಮಾಂಸದ ವ್ಯಾಪಾರದ ಕೆಲಸದಲ್ಲಿದ್ದರು. ಹುಡುಗನಿಗೆ ಏಳು ವರ್ಷ ಆಗುವ ಹೊತ್ತಿಗೆ ಮನೆಯವರೆಲ್ಲ ಕೆಲಸ ಅರಸಿ ಇಂಗ್ಲೆಂಡಿಗೆ ಬಂದರು. ಆ ಕಾಲದ ಸಾವಿರಾರು ಐರಿಶ್ ಕುಟುಂಬಗಳು ಹಿಡಿದ ದಾರಿಯೇ ಅದು. ನೆಲೆಸಿದ್ದು ಸ್ವಿಂಡನ್‌ನಲ್ಲಿ. ರೈಲು ಕಾರ್ಖಾನೆಯ ಊರು. ಅವರ ಮನೆ ಇದ್ದ ಬೀದಿಯ ಹೆಸರು ಫ್ರೋಬಿಷರ್ ಡ್ರೈವ್. ಮುಂದೆ 1980ರ ದಶಕದಲ್ಲಿ ಬಂದ ಒಂದು ಆಲ್ಬಮ್ಮಿಗೆ ಓಸಲಿವನ್ ಇದೇ ಬೀದಿಯ ಹೆಸರಿಟ್ಟರು.

ಇಂಗ್ಲೆಂಡಿಗೆ ಬಂದ ಕೆಲವೇ ವರ್ಷಗಳಲ್ಲಿ ಅಪ್ಪ ತೀರಿಕೊಂಡರು. 'ಅಲೋನ್ ಅಗೇನ್' ತನ್ನ ಜೀವನದ ಕತೆಯಲ್ಲ ಅಂತ ಓಸಲಿವನ್ ಎಷ್ಟೋ ಸಲ ಹೇಳಿದ್ದಾರೆ. ಆ ಹಾಡು ಬರೆದಾಗ ಅಮ್ಮ ಬದುಕಿದ್ದರು. ಅಪ್ಪನನ್ನು ತಾನು ಅಷ್ಟಾಗಿ ಅರಿತಿರಲೇ ಇಲ್ಲ ಅಂತಲೂ ಹೇಳಿದ್ದಾರೆ. ಹಾಡು ಕೇಳಿ ಕಣ್ಣೀರು ಹಾಕಿದವರಿಗೆ ಇದು ನಂಬಲು ಕಷ್ಟ. ಆದರೆ ನನಗೆ ಇದರಲ್ಲೇ ಅವರ ಕಸುಬುದಾರಿಕೆ ಕಾಣುತ್ತದೆ. ತನಗೆ ಆಗದ ನೋವನ್ನು ತನ್ನದು ಅನ್ನಿಸುವ ಹಾಗೆ ಬರೆಯುವುದು ಸುಲಭದ ಕೆಲಸ ಅಲ್ಲ.

ಸ್ವಿಂಡನ್‌ನ ಕಲಾ ಕಾಲೇಜಿನಲ್ಲಿ ಓದುವಾಗ ಬ್ಯಾಂಡುಗಳ ಹುಚ್ಚು ಹಿಡಿಯಿತು. ರಿಕ್ಸ್ ಬ್ಲೂಸ್ ಅನ್ನುವ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು. ಆ ತಂಡ ಕಟ್ಟಿದವರು ರಿಕ್ ಡೇವಿಸ್. ಮುಂದೆ ಸೂಪರ್‌ಟ್ರ್ಯಾಂಪ್ ಅನ್ನುವ ಪ್ರಸಿದ್ಧ ರಾಕ್ ತಂಡ ಶುರು ಮಾಡಿದವರು ಇವರೇ. ಓಸಲಿವನ್‌ಗೆ ಡ್ರಮ್ಸ್ ಕಲಿಸಿದ್ದು ಡೇವಿಸ್. ಪಿಯಾನೊ ಕೈಗೆ ಹತ್ತುವುದಕ್ಕೂ ಅವರೇ ದಾರಿ ತೋರಿಸಿದರು. ಓಸಲಿವನ್ ಹಾಡುಗಳಲ್ಲಿ ಪಿಯಾನೊ ಕುಟ್ಟಿದ ಹಾಗೆ, ತಾಳ ಹಿಡಿದ ಹಾಗೆ ಕೇಳಿಸುತ್ತದಲ್ಲ, ಅದರ ಬೇರು ಈ ಡ್ರಮ್ಸ್‌ನಲ್ಲಿದೆ ಅಂತ ನನ್ನ ಅನಿಸಿಕೆ.

1967ರಲ್ಲಿ ಸಿಬಿಎಸ್ ಕಂಪನಿ ಅವರ ಹಾಡು ತೆಗೆದುಕೊಂಡಿತು. ಆಮೇಲೆ ಇನ್ನೊಂದು ಸಣ್ಣ ಕಂಪನಿ. ಯಾವುದೂ ಓಡಲಿಲ್ಲ. ಹೊಟ್ಟೆಪಾಡಿಗೆ ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ, ಬಿಡುವಿನಲ್ಲಿ ಹಾಡು ಬರೆಯುವುದು. ಆಗ ಅವರು ತಮ್ಮ ಹಾಡುಗಳ ಟೇಪನ್ನು ಗಾರ್ಡನ್ ಮಿಲ್ಸ್ ಅನ್ನುವವರಿಗೆ ಕಳಿಸಿದರು.

ಗಾರ್ಡನ್ ಮಿಲ್ಸ್

ಮಿಲ್ಸ್ ಆಗ ಬ್ರಿಟನ್ನಿನ ದೊಡ್ಡ ಮ್ಯಾನೇಜರುಗಳಲ್ಲಿ ಒಬ್ಬರು. ಗಾಯಕ ಟಾಮ್ ಜೋನ್ಸ್ ಬೆಳೆದದ್ದು ಮಿಲ್ಸ್ ಕೈಕೆಳಗೆ. ಎಂಗಲ್‌ಬರ್ಟ್ ಹಂಪರ್‌ಡಿಂಕ್ ಕೂಡ. ಮಿಲ್ಸ್ ಮತ್ತು ಹಂಪರ್‌ಡಿಂಕ್ ಇಬ್ಬರೂ ಹುಟ್ಟಿದ್ದು ಆಗಿನ ಮದ್ರಾಸಿನಲ್ಲಿ. ಆರ್ನಲ್ಡ್ ಡಾರ್ಸಿ ಅನ್ನುವ ಗಾಯಕನಿಗೆ ಹಂಪರ್‌ಡಿಂಕ್ ಅನ್ನುವ ಆ ಉದ್ದುದ್ದ ಹೆಸರಿಟ್ಟು ಹೊಸ ಜನ್ಮ ಕೊಟ್ಟಿದ್ದೇ ಮಿಲ್ಸ್. ರೇಮಂಡ್ ಓಸಲಿವನ್‌ಗೂ ಹೊಸ ಹೆಸರು ಬಂದಿತ್ತು, ಆದರೆ ಅದು ಮಿಲ್ಸ್‌ಗೂ ಮುಂಚೆ, ಸಿಬಿಎಸ್ ದಿನಗಳಲ್ಲಿ. ಗಿಲ್ಬರ್ಟ್ ಮತ್ತು ಸಲಿವನ್ ಅಂತ ಹಿಂದಿನ ಶತಮಾನದ ಸಂಗೀತ ನಾಟಕದ ಪ್ರಸಿದ್ಧ ಜೋಡಿಯೊಂದಿತ್ತು. ಅದರ ನೆನಪು ಬರುವ ಹಾಗೆ ಗಿಲ್ಬರ್ಟ್ ಓಸಲಿವನ್ ಆಯಿತು.

ವೇಷ ಮಾತ್ರ ಓಸಲಿವನ್‌ದೇ. ಬಟ್ಟಲು ಕವುಚಿ ಕತ್ತರಿಸಿದ ಹಾಗಿನ ಕೂದಲು, ಚಪ್ಪಟೆ ಟೋಪಿ, ಮೊಣಕಾಲಿನವರೆಗಿನ ಚಡ್ಡಿ, ದಪ್ಪ ಬೂಟು. ಮೂಕಿ ಚಿತ್ರಗಳ ಚಾಪ್ಲಿನ್, ಬಸ್ಟರ್ ಕೀಟನ್ ಅವರ ಮೇಲಿನ ಪ್ರೀತಿಯಿಂದ ಹುಟ್ಟಿದ ವೇಷ. ಉದ್ದ ಕೂದಲಿನ ರಾಕ್ ಹುಡುಗರ ಕಾಲದಲ್ಲಿ ಹೀಗೆ ಬಂದು ನಿಂತರೆ ಜನ ನೋಡದೆ ಇರುತ್ತಾರಾ? ಮಿಲ್ಸ್‌ಗೆ ಆ ವೇಷ ಇಷ್ಟವಿರಲಿಲ್ಲ. ಹಾಡುಗಳು ಮಾತ್ರ ತುಂಬಾ ಇಷ್ಟವಾದವು.

1970ರ ಕೊನೆಗೆ 'ನಥಿಂಗ್ ರೈಮ್ಡ್' ಬಂತು. ಬ್ರಿಟನ್ನಿನಲ್ಲಿ 8ನೇ ಸ್ಥಾನ, ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲ ಸ್ಥಾನ. ಟಿ.ವಿ. ಪರದೆಯ ಮೇಲೆ ಕಣ್ಣೆದುರೇ ಮನುಷ್ಯರು ಹಸಿವಿನಿಂದ ಸಾಯುವುದನ್ನು ನೋಡಿದರೆ ತನಗೆ ಏನನ್ನಿಸೀತು ಅಂತ ಕೇಳುವ ಒಂದು ಸಾಲು ಅದರಲ್ಲಿದೆ. ಮೊದಲ ಹಿಟ್ ಹಾಡಿನಲ್ಲೇ ಇಂಥ ಮಾತು ತಂದವರು ಆಗ ಜಾಸ್ತಿ ಇರಲಿಲ್ಲ. 1971ರಲ್ಲಿ ಮೊದಲ ಆಲ್ಬಮ್ 'ಹಿಮ್‌ಸೆಲ್ಫ್'. 1972ರಲ್ಲಿ ಅಮೆರಿಕದ ಗೆಲುವು. ಅದೇ ವರ್ಷದ ಕೊನೆಗೆ 'ಕ್ಲೇರ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. 1973ರಲ್ಲಿ 'ಗೆಟ್ ಡೌನ್' ಕೂಡ. ಅಷ್ಟರಲ್ಲಿ ಟೋಪಿ, ಚಡ್ಡಿ ಹೋಗಿ 'ಜಿ' ಅಕ್ಷರ ಇರುವ ಕಾಲೇಜು ಸ್ವೆಟರ್ ಬಂದಿತ್ತು.

'ಕ್ಲೇರ್' ಹಾಡಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಕ್ಲೇರ್ ಅಂದರೆ ಗಾರ್ಡನ್ ಮಿಲ್ಸ್ ಅವರ ಪುಟ್ಟ ಮಗಳು. ಲಂಡನ್ ಪಕ್ಕದ ವೇಬ್ರಿಜ್‌ನಲ್ಲಿ ಮಿಲ್ಸ್ ಮನೆ. ಅದರ ಹತ್ತಿರದ ಬಂಗಲೆಯಲ್ಲಿ ಓಸಲಿವನ್. ಮಿಲ್ಸ್ ದಂಪತಿ ಹೊರಗೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದದ್ದು ಇವರೇ. ಅಂಕಲ್ ಅಂತ ಕರೆಯುವ, ಎಷ್ಟು ಹೊತ್ತಾದರೂ ಮಲಗದ, ಸುಸ್ತು ಮಾಡುವ ಮಗುವಿನ ಮೇಲಿನ ಅಕ್ಕರೆಯೇ ಹಾಡಿನ ವಸ್ತು. ನಡುವೆ ಬರುವ ಹಾರ್ಮೋನಿಕಾ ನುಡಿಸಿದ್ದು ಮಿಲ್ಸ್. ಕೊನೆಯಲ್ಲಿ ಕೇಳಿಸುವ ನಗು ಆ ಮಗುವಿನದೇ. ಗಾಯಕ, ಮ್ಯಾನೇಜರ್, ಮ್ಯಾನೇಜರ್ ಮಗಳು, ಮೂರೂ ಜನ ಒಂದೇ ರೆಕಾರ್ಡಿನಲ್ಲಿ ಇದ್ದಾರೆ.

ಈ ಹಾಡನ್ನು ಕೇಳದೆ ಪ್ರಕರಣವನ್ನು ಓದಿದರೆ ಅರ್ಧವೇ ಸಿಗುತ್ತದೆ. ಅಲ್ಲಿದ್ದದ್ದು ನಾಟಕ ಅಲ್ಲ, ನಿಜವಾದ ಪ್ರೀತಿ. ಮಿಲ್ಸ್ ಮನೆಯವರ ಥರ ನೋಡಿಕೊಂಡರು. ಓಸಲಿವನ್ ಮನೆಯ ಹುಡುಗನ ಥರ ಇದ್ದರು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವರಿಗೆ ಆ ಮನೆ ಎಷ್ಟು ಮುಖ್ಯ ಆಗಿರಬಹುದು ಅಂತ ಊಹಿಸಬಹುದು. ವಾರಕ್ಕೆ 10 ಪೌಂಡ್ ಕೊಟ್ಟರೆ ತೆಗೆದುಕೊಂಡರು. ಬಾಡಿಗೆ ಇಲ್ಲ, ಬಿಲ್ಲಿನ ಚಿಂತೆ ಇಲ್ಲ, ದಿನವಿಡೀ ಪಿಯಾನೊ ಮುಂದೆ ಕೂತು ಹಾಡು ಬರೆಯಬಹುದು. ಬರೆಯುವವರಿಗೆ ಅದಕ್ಕಿಂತ ಇನ್ನೇನು ಬೇಕು?

ಕಾಗದದಲ್ಲಿ ಏನಿತ್ತು

1970ರಲ್ಲಿ ಓಸಲಿವನ್ ಸಹಿ ಹಾಕಿದ್ದು ಒಂದು ಒಪ್ಪಂದಕ್ಕಲ್ಲ. ಮ್ಯಾನೇಜ್‌ಮೆಂಟಿಗೆ ಒಂದು, ರೆಕಾರ್ಡಿಂಗಿಗೆ ಒಂದು, ಹಾಡುಗಳ ಪ್ರಕಟಣೆಯ ಹಕ್ಕಿಗೆ ಇನ್ನೊಂದು. ಎಲ್ಲವೂ ಮಿಲ್ಸ್ ಜೊತೆ ಅಥವಾ ಮಿಲ್ಸ್‌ಗೆ ಸೇರಿದ ಕಂಪನಿಗಳ ಜೊತೆ. ಅವುಗಳಲ್ಲಿ ಮುಖ್ಯವಾದದ್ದು ಮ್ಯಾನೇಜ್‌ಮೆಂಟ್ ಏಜೆನ್ಸಿ ಆ್ಯಂಡ್ ಮ್ಯೂಸಿಕ್, ಚಿಕ್ಕದಾಗಿ ಎಂಎಎಂ. ಓಸಲಿವನ್ ಹಾಡುಗಳು ಬಂದದ್ದು ಅದೇ ಹೆಸರಿನ ಲೇಬಲ್ಲಿನಲ್ಲಿ.

ಮ್ಯಾನೇಜರ್ ಕೆಲಸ ಏನು? ಗಾಯಕನ ಪರವಾಗಿ ರೆಕಾರ್ಡ್ ಕಂಪನಿಯ ಜೊತೆ ಕೂತು ಹೆಚ್ಚು ರಾಯಲ್ಟಿ ಕೇಳುವುದು. ಪ್ರಕಾಶಕರ ಜೊತೆ ಕೂತು ಹಕ್ಕು ಉಳಿಸಿಕೊಳ್ಳುವುದು. ಇಲ್ಲಿ ಮೇಜಿನ ಎರಡೂ ಕಡೆ ಮಿಲ್ಸ್ ಅವರೇ. ಮನೆ ಕೊಳ್ಳುವವರ ಪರವಾಗಿ ಚೌಕಾಸಿಗೆ ಹೋದ ಬ್ರೋಕರೇ ಆ ಮನೆಯ ಮಾಲೀಕ ಆಗಿದ್ದರೆ ಬೆಲೆ ಇಳಿಯುತ್ತದಾ? ಹಾಡುಗಳ ಕಾಪಿರೈಟ್ ಕಂಪನಿಗೆ ಹೋಯಿತು. ರೆಕಾರ್ಡಿಂಗಿನ ಮೂಲ ಪ್ರತಿಗಳಾದ ಮಾಸ್ಟರ್ ಟೇಪುಗಳೂ ಕಂಪನಿಯವು.

ಸಹಿ ಹಾಕುವಾಗ ಓಸಲಿವನ್‌ಗೆ 23 ವರ್ಷ. ವ್ಯವಹಾರದ ಅನುಭವ ಇರಲಿಲ್ಲ. ತಮ್ಮದೇ ವಕೀಲರಿಗೆ ಕಾಗದ ತೋರಿಸಲಿಲ್ಲ. ತೋರಿಸು ಅಂತ ಎದುರು ಕಡೆಯಿಂದಲೂ ಯಾರೂ ಹೇಳಲಿಲ್ಲ. ಈ ಕೊನೆಯ ಎರಡು ಮಾತುಗಳ ಮೇಲೆ ಮುಂದೆ ಇಡೀ ಕೇಸು ನಿಂತಿತು.

ಆ ಕಾಲದಲ್ಲಿ ಇದು ಅಪರೂಪ ಆಗಿರಲಿಲ್ಲ. ಟೋನಿ ಮೆಕಾಲೆ ಅನ್ನುವ ಹಾಡು ಬರಹಗಾರರು 1966ರಲ್ಲಿ, 21ನೇ ವಯಸ್ಸಿನಲ್ಲಿ, ಪ್ರಕಾಶನ ಕಂಪನಿಯೊಂದಕ್ಕೆ ಸಹಿ ಹಾಕಿದ್ದರು. ಕೈಗೆ ಬಂದ ಮುಂಗಡ 50 ಪೌಂಡ್. ಐದು ವರ್ಷ ಬರೆದದ್ದೆಲ್ಲ ಕಂಪನಿಗೆ. ರಾಯಲ್ಟಿ 5,000 ಪೌಂಡ್ ದಾಟಿದರೆ ತಾನಾಗಿಯೇ ಇನ್ನೂ ಐದು ವರ್ಷ. ಬರೆದ ಹಾಡನ್ನು ಪ್ರಕಟಿಸಲೇಬೇಕು ಅನ್ನುವ ಕಟ್ಟುಪಾಡು ಕಂಪನಿಗೆ ಇಲ್ಲ. ಬೇಡವಾದರೆ ಕಂಪನಿ ಒಂದು ತಿಂಗಳ ನೋಟಿಸ್ ಕೊಟ್ಟು ಕೈತೊಳೆದುಕೊಳ್ಳಬಹುದು, ಬರಹಗಾರನಿಗೆ ಆ ದಾರಿ ಇಲ್ಲ. 1974ರಲ್ಲಿ, ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಈ ಒಪ್ಪಂದ ನಡೆಯುವುದಿಲ್ಲ ಅಂದಿತು. ಒಬ್ಬ ಮನುಷ್ಯ ತನ್ನ ಕಸುಬು ಮಾಡಿ ಬದುಕುವುದಕ್ಕೆ ಮಿತಿಮೀರಿ ಅಡ್ಡಿ ಮಾಡುವ ಒಪ್ಪಂದವನ್ನು ಕಾನೂನು ಎತ್ತಿಹಿಡಿಯುವುದಿಲ್ಲ ಅನ್ನುವುದು ಅದರ ಸಾರ. ಓಸಲಿವನ್ ಕೇಸಿಗೆ ದಾರಿ ಮಾಡಿಕೊಟ್ಟದ್ದು ಈ ತೀರ್ಪು.

ಬಿರುಕು ಬಿಟ್ಟದ್ದು ನಿಧಾನವಾಗಿ. 1970ರ ದಶಕದ ನಡುವಿಗೆ ಹಿಟ್‌ಗಳು ಕಡಿಮೆಯಾದವು. ತನ್ನ ಹಾಡುಗಳಲ್ಲಿ ತನಗೆ ಎಷ್ಟು ಪಾಲಿದೆ ಅಂತ ಓಸಲಿವನ್ ಕೇಳತೊಡಗಿದರು. ಕಾಗದ ತೆಗೆದು ನೋಡಿದರೆ ತಕ್ಕಡಿ ಪೂರ್ತಿ ಎದುರು ಕಡೆಗೇ ವಾಲಿತ್ತು. ದಶಕ ಮುಗಿಯುವ ಮುಂಚೆ ಇಬ್ಬರೂ ದೂರವಾದರು, ಕೇಸು ಕೋರ್ಟು ಹತ್ತಿತು.

ಕೋರ್ಟಿನಲ್ಲಿ

1982ರ ಮೇ ತಿಂಗಳಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಸ್-ಜೋನ್ಸ್ ತೀರ್ಪು ಕೊಟ್ಟರು. ಓಸಲಿವನ್ ಪ್ರಾಮಾಣಿಕ ಮನುಷ್ಯ, ಅವರ ಹಾಡುಗಳಿಂದ ಬಂದ ಅಪಾರ ಹಣದಲ್ಲಿ ಅವರಿಗೆ ನ್ಯಾಯವಾದ ಪಾಲು ಸಿಕ್ಕಿಲ್ಲ ಅಂದರು.

ಕಾನೂನಿನ ಎಳೆ ಎರಡು. ಒಂದು, ಮೆಕಾಲೆ ಕೇಸಿನ ಹಾಗೆ, ಕಸುಬಿಗೆ ಮಿತಿಮೀರಿದ ಅಡ್ಡಿ. ಎರಡನೆಯದು, ನನ್ನ ಪ್ರಕಾರ ಮುಖ್ಯವಾದದ್ದು, ಅನುಚಿತ ಪ್ರಭಾವ. ಇದಕ್ಕೆ ಬೆದರಿಕೆ ಹಾಕಿರಬೇಕು, ಸುಳ್ಳು ಹೇಳಿರಬೇಕು ಅಂತೇನಿಲ್ಲ. ಒಬ್ಬರು ಇನ್ನೊಬ್ಬರನ್ನು ಪೂರ್ತಿ ನಂಬಿ ತಮ್ಮ ವ್ಯವಹಾರ ಒಪ್ಪಿಸಿದ್ದರೆ, ನಂಬಿಕೆ ಪಡೆದವರ ಮೇಲೆ ಜವಾಬ್ದಾರಿ ಬೀಳುತ್ತದೆ. ತಮ್ಮನ್ನು ನಂಬಿದವರ ಜೊತೆ ತಾವೇ ವ್ಯವಹಾರ ಮಾಡಿ ಲಾಭ ಪಡೆದರೆ, ಆ ವ್ಯವಹಾರ ನ್ಯಾಯವಾಗಿತ್ತು ಅಂತ ತೋರಿಸಬೇಕಾದವರು ನಂಬಿಕೆ ಪಡೆದವರೇ. ಬೇರೆ ವಕೀಲರನ್ನು ಕೇಳು ಅಂತ ಕಳಿಸಿದ್ದರೆ ಮಿಲ್ಸ್ ಕಡೆಯವರಿಗೆ ಒಂದು ಆಧಾರ ಇರುತ್ತಿತ್ತು. ಆ ಮಾತೇ ಬಂದಿರಲಿಲ್ಲ.

ಹಾಗಾಗಿ ವೇಬ್ರಿಜ್‌ನ ಬಂಗಲೆ, ಮಗು ನೋಡಿಕೊಂಡ ಸಂಜೆಗಳು, ಮನೆಯ ಹುಡುಗನ ಸಲಿಗೆ, ಇವೆಲ್ಲ ಬರೀ ಹಿನ್ನೆಲೆ ಆಗಿ ಉಳಿಯಲಿಲ್ಲ. ಓಸಲಿವನ್ ಮಿಲ್ಸ್ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದರು ಅನ್ನುವುದೇ ಕೇಸಿನ ತಿರುಳಾಗಿತ್ತು. ಪ್ರೀತಿ ಇತ್ತು, ಆದ್ದರಿಂದ ಮೋಸ ಇರಲಿಲ್ಲ ಅಂತ ವಾದ ಮಾಡಬಹುದು ಅನ್ನಿಸುತ್ತದೆ. ಕಾನೂನು ಅದನ್ನು ತಿರುಗಿಸಿ ಓದುತ್ತದೆ: ಅಷ್ಟು ನಂಬಿಕೆ ಇತ್ತು ಅಂದಮೇಲೆ ಇನ್ನೂ ಜಾಸ್ತಿ ಎಚ್ಚರ ಇರಬೇಕಿತ್ತು.

ಒಪ್ಪಂದಗಳು ರದ್ದಾದವು. ಕಾಪಿರೈಟ್ ವಾಪಸ್ ಕೊಡಬೇಕು, ಮಾಸ್ಟರ್ ಟೇಪುಗಳನ್ನು ಒಪ್ಪಿಸಬೇಕು, ಗಳಿಸಿದ ಲಾಭದ ಲೆಕ್ಕ ಕೊಡಬೇಕು ಅಂತ ಆದೇಶವಾಯಿತು. ಮಿಲ್ಸ್ ಕಡೆಯವರು ಮೇಲ್ಮನವಿ ಹೋದರು. ಅಲ್ಲಿ ಮುಖ್ಯ ಜಗಳ ಪರಿಹಾರದ ಬಗ್ಗೆ. ಅವರ ವಾದ ಹೀಗಿತ್ತು: ಒಪ್ಪಂದಗಳ ಪ್ರಕಾರ ಕೆಲಸ ಪೂರ್ತಿ ನಡೆದುಹೋಗಿದೆ, ರೆಕಾರ್ಡುಗಳು ಬಂದಿವೆ, ಮಾರಾಟವಾಗಿವೆ, ಗಾಯಕ ಸ್ಟಾರ್ ಆಗಿದ್ದಾರೆ. ಇಬ್ಬರನ್ನೂ 1970ಕ್ಕೆ ಮುಂಚೆ ಇದ್ದ ಸ್ಥಿತಿಗೆ ಒಯ್ಯುವುದು ಆಗದ ಮಾತು, ಅಂದಮೇಲೆ ಒಪ್ಪಂದ ರದ್ದು ಮಾಡುವುದೂ ಆಗದು.

ಸುಮ್ನೆ ತಳ್ಳಿಹಾಕುವ ವಾದ ಅಲ್ಲ ಇದು. ನ್ಯಾಯಮೂರ್ತಿಗಳಾದ ವಾಲರ್, ಡನ್ ಮತ್ತು ಫಾಕ್ಸ್ ಇದಕ್ಕೆ ಕೊಟ್ಟ ಉತ್ತರವನ್ನು ಕಾನೂನು ಓದುವವರು ಇವತ್ತಿಗೂ ಓದುತ್ತಾರೆ. ಹಿಂದಿನ ಸ್ಥಿತಿಗೆ ನೂರಕ್ಕೆ ನೂರು ಮರಳುವುದು ಬೇಕಿಲ್ಲ, ವ್ಯವಹಾರದಲ್ಲಿ ನ್ಯಾಯ ಸಿಗುವ ಹಾಗೆ ಮಾಡಿದರೆ ಸಾಕು ಅಂದರು. ಒಪ್ಪಂದಗಳು ರದ್ದಾಗಿಯೇ ಉಳಿದವು, ಹಾಡುಗಳು ಬರೆದವರಿಗೇ ಬಂದವು. ಜೊತೆಗೆ ಇನ್ನೊಂದು ಮಾತು ಸೇರಿಸಿದರು. ಓಸಲಿವನ್ ಗೆಲುವಿನಲ್ಲಿ ಮಿಲ್ಸ್ ಅವರ ದುಡಿಮೆ, ಜಾಣತನಗಳಿಗೆ ದೊಡ್ಡ ಪಾಲಿದೆ. ಲೆಕ್ಕ ಹಾಕುವಾಗ ಅದಕ್ಕೆ ತಕ್ಕ ಪ್ರತಿಫಲ, ಸ್ವಲ್ಪ ಲಾಭವನ್ನೂ ಸೇರಿಸಿ, ಬಿಟ್ಟುಕೊಡಬೇಕು. ಆದರೆ ಮೊದಲೇ ನ್ಯಾಯವಾಗಿ ಚೌಕಾಸಿ ಮಾಡಿದ್ದರೆ ಸಿಗುತ್ತಿದ್ದಷ್ಟು ಈಗ ಸಿಗುವುದಿಲ್ಲ.

ಇದು ನನಗೆ ಬಹಳ ಹಿಡಿಸಿದ ತೀರ್ಪು. ಮಿಲ್ಸ್ ಇಲ್ಲದಿದ್ದರೆ ರೇಮಂಡ್ ಓಸಲಿವನ್ ಅಂಗಡಿ ಕೆಲಸದಲ್ಲೇ ಉಳಿಯುತ್ತಿದ್ದರೋ ಏನೋ. ಟೇಪು ಕೇಳಿ ಇದರಲ್ಲಿ ಏನೋ ಇದೆ ಅಂತ ಗುರುತಿಸಿದವರು ಅವರು. ಆ ಕೆಲಸಕ್ಕೆ ಕೂಲಿ ಸಿಗಬೇಕು. ಕೂಲಿಯ ಹೆಸರಲ್ಲಿ ಹಾಡನ್ನೇ ಇಟ್ಟುಕೊಳ್ಳುವ ಹಾಗಿಲ್ಲ ಅಷ್ಟೆ.

ನಮ್ಮಲ್ಲೂ ಈ ಕಾನೂನು ಪರಕೀಯ ಅಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 16ನೇ ಸೆಕ್ಷನ್ ಅನುಚಿತ ಪ್ರಭಾವದ ಬಗ್ಗೆಯೇ ಇದೆ. ಮೇಲುಗೈ ಇರುವವರು ಮಾಡಿಸಿಕೊಂಡ ಒಪ್ಪಂದ ಮೇಲ್ನೋಟಕ್ಕೇ ಅನ್ಯಾಯ ಅನ್ನಿಸಿದರೆ, ಒತ್ತಡ ಇರಲಿಲ್ಲ ಅಂತ ಸಾಬೀತು ಮಾಡುವ ಹೊರೆ ಅವರದೇ. ಸಿನಿಮಾ ಹಾಡುಗಳ ವಿಷಯದಲ್ಲಿ ನಮ್ಮ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2012ರ ಕಾಪಿರೈಟ್ ತಿದ್ದುಪಡಿಯ ನಂತರ, ಗೀತೆ ಬರೆದವರು ಮತ್ತು ರಾಗ ಹಾಕಿದವರು ಆ ಹಾಡು ಥಿಯೇಟರಿನ ಹೊರಗೆ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಸಮಪಾಲಿನ ಹಕ್ಕನ್ನು ಸಹಿ ಹಾಕಿ ಬಿಟ್ಟುಕೊಟ್ಟರೂ ಅದು ನಡೆಯುವುದಿಲ್ಲ. ಕನ್ನಡದಲ್ಲಿ ಹೊಸದಾಗಿ ಹಾಡು ಬರೆಯಲು ಬರುವ ಹುಡುಗ ಹುಡುಗಿಯರಿಗೆ ಈ ವಿಷಯ ಗೊತ್ತಿರಬೇಕು.

ಗೆಲುವಿನ ಬೆಲೆ

ಇದೇ ಹೊತ್ತಿನಲ್ಲಿ ಎಲ್ಟನ್ ಜಾನ್ ಮತ್ತು ಅವರ ಗೀತೆಗಳನ್ನು ಬರೆಯುತ್ತಿದ್ದ ಬರ್ನಿ ಟಾಪಿನ್ ಕೂಡ ತಮ್ಮ ಹಳೆಯ ಪ್ರಕಾಶಕ ಡಿಕ್ ಜೇಮ್ಸ್ ಮೇಲೆ ಕೇಸು ಹಾಕಿದ್ದರು. ಅವರು ಸಹಿ ಹಾಕಿದ್ದು 1967ರಲ್ಲಿ. ಟಾಪಿನ್‌ಗೆ ಆಗಿನ್ನೂ 17. ಅಲ್ಲೂ ಅನುಚಿತ ಪ್ರಭಾವ ಇತ್ತು ಅಂತ ಕೋರ್ಟು ಒಪ್ಪಿತು. ಆದರೆ ಕೋರ್ಟಿಗೆ ಬರುವುದಕ್ಕೆ ತುಂಬಾ ತಡಮಾಡಿದಿರಿ, ಹಾಗಾಗಿ ಕಾಪಿರೈಟ್ ವಾಪಸ್ ಇಲ್ಲ ಅಂತ 1985ರಲ್ಲಿ ಹೇಳಿತು. ಬಾಕಿ ರಾಯಲ್ಟಿಯ ಹಣ ಸಿಕ್ಕಿತು, ಹಾಡುಗಳು ಸಿಗಲಿಲ್ಲ. ಎಲ್ಟನ್ ಜಾನ್ ಅಷ್ಟು ದೊಡ್ಡ ಸ್ಟಾರ್. ಆದರೂ ಓಸಲಿವನ್‌ಗೆ ದಕ್ಕಿದ್ದು ಅವರಿಗೆ ದಕ್ಕಲಿಲ್ಲ.

ಆದರೆ ಓಸಲಿವನ್ ಕಳೆದುಕೊಂಡದ್ದೂ ಸಣ್ಣದಲ್ಲ. ಹಾಡುಗಾರನಿಗೆ ಮೂವತ್ತರ ಹರೆಯ ಅಂದರೆ ದುಡಿಯುವ ವಯಸ್ಸು. ಅದರ ದೊಡ್ಡ ಪಾಲು ವಕೀಲರ ಕಚೇರಿಗಳಲ್ಲಿ ಹೋಯಿತು. 1980ರಲ್ಲಿ 'ವಾಟ್ಸ್ ಇನ್ ಎ ಕಿಸ್' ಬ್ರಿಟನ್ನಿನ ಮೊದಲ 20ರೊಳಗೆ ಬಂತು. ಅದೇ ವರ್ಷ ನಾರ್ವೆಯ ಹುಡುಗಿಯೊಬ್ಬರನ್ನು ಮದುವೆಯಾದರು. 1982ರ ಆಲ್ಬಮ್ಮಿನ ನಂತರ ಕೆಲವು ವರ್ಷ ಹೊಸದು ಬರಲಿಲ್ಲ. ಮಿಲ್ಸ್ 1986ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಜಪಾನಿನಲ್ಲಿ ಮಾತ್ರ ಓಸಲಿವನ್ ಹಾಡುಗಳಿಗೆ ಬೇಡಿಕೆ ಇಳಿಯಲೇ ಇಲ್ಲ.

ಪಿಯಾನೊದ ಒಂದು ತುಣುಕು

1991ರಲ್ಲಿ ನ್ಯೂಯಾರ್ಕಿನ ರ‍್ಯಾಪರ್ ಬಿಜ್ ಮಾರ್ಕಿ ಒಂದು ಆಲ್ಬಮ್ ತಂದರು. ನಗಿಸುವ ರ‍್ಯಾಪ್‌ಗೆ ಅವರು ಹೆಸರುವಾಸಿ. ಅದರಲ್ಲಿ 'ಅಲೋನ್ ಅಗೇನ್' ಅನ್ನುವ ಒಂದು ಹಾಡು. ಹಿನ್ನೆಲೆಯಲ್ಲಿ ಸುತ್ತಿ ಸುತ್ತಿ ಬರುವುದು ಓಸಲಿವನ್ ಹಾಡಿನ ಮೊದಲ ಸಾಲುಗಳ ಸಂಗೀತ. ಪಲ್ಲವಿಯ ಆ ಮೂರು ಪದಗಳೂ ಇದ್ದವು. ಹಳೆಯ ರೆಕಾರ್ಡಿನ ತುಣುಕು ಕತ್ತರಿಸಿ ಹೊಸ ಹಾಡಿನಲ್ಲಿ ಕೂಡಿಸುವುದನ್ನು ಸ್ಯಾಂಪ್ಲಿಂಗ್ ಅನ್ನುತ್ತಾರೆ. ಆಗಿನ ಹಿಪ್-ಹಾಪ್ ನಿಂತಿದ್ದೇ ಅದರ ಮೇಲೆ.

ಬಿಡುಗಡೆಗೆ ಮುಂಚೆ ಬಿಜ್ ಮಾರ್ಕಿ ಕಡೆಯವರು ಅನುಮತಿ ಕೇಳಿ ಪತ್ರ ಬರೆದರು, ಟೇಪೂ ಕಳಿಸಿದರು. ಓಸಲಿವನ್ ಒಪ್ಪಲಿಲ್ಲ. ಅವರ ಕಾರಣ ಹಣದ್ದಲ್ಲ. ಈ ಹಾಡು ಎಷ್ಟೋ ಜನರ ದುಃಖಕ್ಕೆ ಜೊತೆಯಾಗಿದೆ, ಅದನ್ನು ತಮಾಷೆಯ ಹಾಡಿಗೆ ಬಳಸಿದರೆ ಅವರಿಗೆ ಮಾಡಿದ ಅವಮಾನ ಅನ್ನುವುದು ಅವರ ನಿಲುವು. ಸಾಯುವವರೆಗೂ ಈ ಹಾಡನ್ನು ಕಾಯುತ್ತೇನೆ ಅನ್ನುವ ಅರ್ಥದ ಮಾತನ್ನು ಅವರು ಮುಂದೆ ಸಂದರ್ಶನದಲ್ಲಿ ಹೇಳಿದ್ದಾರೆ. ಅನುಮತಿ ಇಲ್ಲದೆಯೇ ಆಲ್ಬಮ್ ಹೊರಗೆ ಬಂತು.

ಹಿಂದಿನ ಗೆಲುವು ಕೆಲಸಕ್ಕೆ ಬಂದದ್ದು ಇಲ್ಲಿ. ಹಾಡಿನ ಹಕ್ಕು ಈಗ ಓಸಲಿವನ್ ಅವರದೇ ಪ್ರಕಾಶನ ಕಂಪನಿ ಗ್ರ್ಯಾಂಡ್ ಅಪ್‌ರೈಟ್ ಮ್ಯೂಸಿಕ್ ಹೆಸರಿನಲ್ಲಿತ್ತು. ಹಕ್ಕು ಹಳೆಯ ಕಂಪನಿಯಲ್ಲೇ ಉಳಿದಿದ್ದರೆ ಹೂಂ ಅನ್ನುವುದು, ಊಹೂಂ ಅನ್ನುವುದು ಬರೆದವರ ಕೈಯಲ್ಲಿ ಇರುತ್ತಿರಲಿಲ್ಲ. ನ್ಯೂಯಾರ್ಕಿನ ಕೋರ್ಟಿನಲ್ಲಿ ಮೊದಲು ಎದ್ದ ಪ್ರಶ್ನೆಯೂ ಅದೇ: ಕಾಪಿರೈಟ್ ನಿಜಕ್ಕೂ ಯಾರದು? ಕಾಗದಪತ್ರ ಮುಂದಿಟ್ಟರು. ಓಸಲಿವನ್ ತಾವೇ ಸಾಕ್ಷಿ ಹೇಳಿದರು.

1991ರ ಡಿಸೆಂಬರಿನಲ್ಲಿ ಬಂದ ನ್ಯಾಯಾಧೀಶ ಕೆವಿನ್ ಡಫಿ ಅವರ ತೀರ್ಪು ಚಿಕ್ಕದು, ಆದರೆ ಬಲು ಖಾರ. ಬೈಬಲ್ಲಿನ 'ಕದಿಯಬಾರದು' ಅನ್ನುವ ಆಜ್ಞೆಯಿಂದಲೇ ಶುರು. ರ‍್ಯಾಪ್ ಸಂಗೀತದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಅನ್ನುವ ಎದುರು ವಾದಕ್ಕೆ ಕವಡೆ ಕಿಮ್ಮತ್ತೂ ಸಿಗಲಿಲ್ಲ. ಅನುಮತಿ ಕೇಳಿದ್ದೇ ಅದು ಬೇಕು ಅಂತ ನಿಮಗೆ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಅಂದರು. ಆಲ್ಬಮ್ ಮಾರಾಟ ನಿಂತಿತು. ಇಷ್ಟಕ್ಕೇ ಬಿಡದೆ, ಕ್ರಿಮಿನಲ್ ಕೇಸು ಹಾಕಬಹುದಾ ನೋಡಿ ಅಂತ ಸರ್ಕಾರಿ ವಕೀಲರಿಗೂ ಕಳಿಸಿದರು. ಅಂಥ ಕೇಸು ಮುಂದೆ ಆಗಲಿಲ್ಲ.

ಆಮೇಲೆ ಅಮೆರಿಕದ ರೆಕಾರ್ಡ್ ಕಂಪನಿಗಳೆಲ್ಲ ಹೆದರಿದವು. ಪ್ರತಿ ತುಣುಕಿಗೂ ಮೊದಲೇ ಅನುಮತಿ, ಮೊದಲೇ ಹಣ ಅನ್ನುವುದು ಕಟ್ಟಳೆ ಆಯಿತು. ಹತ್ತಾರು ರೆಕಾರ್ಡುಗಳಿಂದ ಚೂರು ಚೂರು ತಂದು ಪದರ ಪದರವಾಗಿ ಕಟ್ಟುತ್ತಿದ್ದ ಶೈಲಿ ಕೈಗೆಟುಕದ ಖರ್ಚಾಯಿತು. ಡಿ ಲಾ ಸೋಲ್ ತಂಡದ ಹಳೆಯ ಆಲ್ಬಮ್‌ಗಳು ಸ್ಟ್ರೀಮಿಂಗ್‌ಗೆ ಬಂದದ್ದು 2023ರಲ್ಲಿ. ಅಷ್ಟು ತಡವಾಗಲು ಈ ಅನುಮತಿಯ ಕಗ್ಗಂಟು ಒಂದು ದೊಡ್ಡ ಕಾರಣ. ಬಿಜ್ ಮಾರ್ಕಿ ತಮ್ಮ ಮುಂದಿನ ಆಲ್ಬಮ್ಮಿಗೆ ಇಟ್ಟ ಹೆಸರಿನ ಅರ್ಥ, ಎಲ್ಲ ತುಣುಕುಗಳಿಗೂ ಅನುಮತಿ ಪಡೆಯಲಾಗಿದೆ.

ನನ್ನ ಮನಸ್ಸು ಇಲ್ಲಿ ಎರಡು ಕಡೆಗೂ ಎಳೆಯುತ್ತದೆ. ಹಾಡು ಬರೆದವರು ಬೇಡ ಅಂದಮೇಲೆ ಬಳಸಬಾರದಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಒಂದು ಸಮುದಾಯ ತನ್ನ ಕೈಗೆ ಸಿಕ್ಕ ಹಳೆಯ ರೆಕಾರ್ಡುಗಳಿಂದಲೇ ಹೊಸ ಕಲೆ ಕಟ್ಟಿತ್ತು. ಅದನ್ನು ಬರೀ ಕಳ್ಳತನ ಅಂತ ಓದಿದ ತೀರ್ಪು ಆ ಕಲೆಯನ್ನು ಅರ್ಥ ಮಾಡಿಕೊಳ್ಳುವ ಗೋಜಿಗೇ ಹೋಗಲಿಲ್ಲ. ತಪ್ಪನ್ನು ಸರಿಪಡಿಸಿ, ಆ ಒಂದು ಹಾಡಿಗೆ ತಡೆ ಹಾಕಿ, ಅಲ್ಲಿಗೇ ನಿಲ್ಲಿಸಬಹುದಿತ್ತು. ಓಸಲಿವನ್ ಕೇಳಿದ್ದೂ ತಮ್ಮ ಹಾಡನ್ನು ಬಿಟ್ಟುಬಿಡಿ ಅಂತ. ಇಡೀ ಸಂಗೀತ ಪ್ರಕಾರಕ್ಕೆ ಬಿದ್ದ ಏಟು ನ್ಯಾಯಾಧೀಶರ ಭಾಷೆಯಿಂದ, ಕಂಪನಿಗಳ ಹೆದರಿಕೆಯಿಂದ ಬಂದದ್ದು.

ಓಸಲಿವನ್ ಬಹಳ ವರ್ಷಗಳಿಂದ ಹೆಂಡತಿಯೊಂದಿಗೆ ಜರ್ಸಿ ದ್ವೀಪದಲ್ಲಿದ್ದಾರೆ. ಇಬ್ಬರು ಹೆಣ್ಣುಮಕ್ಕಳು. ಹಾಡು ಬರೆಯುವುದನ್ನು ನಿಲ್ಲಿಸಿಲ್ಲ. 2018ರಲ್ಲಿ ಈಥನ್ ಜಾನ್ಸ್ ನಿರ್ಮಾಣದಲ್ಲಿ ತಮ್ಮ ಹೆಸರನ್ನೇ ಇಟ್ಟ ಆಲ್ಬಮ್ ತಂದರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಹೊಸ ಹಾಡುಗಳೊಂದಿಗೆ ಬ್ರಿಟನ್ನಿನ ಮೊದಲ 20 ಆಲ್ಬಮ್‌ಗಳ ಸಾಲಿಗೆ ಮರಳಿದರು. 2022ರಲ್ಲಿ 'ಡ್ರಿವನ್' ಬಂತು. 'ಕ್ಲೇರ್' ಹಾಡನ್ನು ಅವರು ಈಗಲೂ ವೇದಿಕೆಯ ಮೇಲೆ ಹಾಡುತ್ತಾರೆ.